ಬೈಗುಳನ ಬ್ಯಾಡ್ಜ್ ಮಾಡ್ಕೊಳ್ಳೋದು ಹೇಗೆ

ಯಾರಾದ್ರೂ ಹೀಯಾಳಿಸಿದ್ರೆ ತಕ್ಷಣ ರೇಗ್ಬೇಡಿ, ಆ ಪದದಲ್ಲಿ ಚುಚ್ಚೋ ಮುಳ್ಳು ಎಲ್ಲಿದೆ ಅಂತ ಮೊದ್ಲು ಹುಡುಕಿ. 1906ರಲ್ಲಿ ಲಂಡನ್ನಿನ ಡೇಲಿ ಮೇಲ್ ಪತ್ರಿಕೆ ವೋಟಿಗೆ ಹೋರಾಡ್ತಿದ್ದ ಹೆಂಗಸರನ್ನ 'ಸಫ್ರಜೆಟ್' ಅಂತು, ಕೊನೇಲಿರೋ 'ಎಟ್' ಇದ್ಯಲ್ಲ ಅದು ಸಣ್ಣದು ಮಾಡಿ ಆಡ್ಕೊಳ್ಳೋಕೆ, ಆ ಹೆಂಗಸರು 1912ರಲ್ಲಿ ತಮ್ಮ ಪತ್ರಿಕೆಗೇ ಆ ಹೆಸರಿಟ್ರು!

ಆಮೇಲೆ ಗುಂಪು ಕಟ್ಟಿ, ಒಬ್ರೇ ಹೇಳಿದ್ರೆ ನಡೆಯಲ್ಲ. 2009ರಲ್ಲಿ ಮಂಗ್ಳೂರಿನ ಪಬ್‌ನಲ್ಲಿದ್ದ ಹೆಂಗಸರ ಮೇಲೆ ಶ್ರೀರಾಮ ಸೇನೆಯೋರ ದಾಳಿ ಆದ್ಮೇಲೆ ಫೇಸ್‌ಬುಕ್ಕಲ್ಲಿ 'ಪಬ್‌ಗೆ ಹೋಗೋ, ಲೂಸ್, ಫಾರ್ವರ್ಡ್ ಹೆಂಗಸರ ಕೂಟ' ಹುಟ್ಕೊಳ್ತು (ನಮ್ಮ ಕಡೆ ಲೂಸ್ ಅಂದ್ರೆ ತಲೆಕೆಟ್ಟೋರು, ಇಲ್ಲಿ ನಡತೆಗೆಟ್ಟೋರು ಅನ್ನೋ ಬೈಗುಳ), ವ್ಯಾಲೆಂಟೈನ್ಸ್ ಡೇಗೆ ಶ್ರೀರಾಮ ಸೇನೆಗೆ ಪಿಂಕ್ ಚಡ್ಡಿ ಪಾರ್ಸೆಲ್ ಹೋದ್ವು.

ಹಾಂ, ಜಾತಿ ಬೈಗುಳ ಮಾತ್ರ ಅದನ್ನ ಅನುಭವಿಸಿದೋರೇ ಎತ್ಕೊಬೇಕು, ಬೇರೆಯೋರು ಬಾಯಿ ಹಾಕ್ಬೇಡಿ.