ಮಳೆಗಾಲದ ಸಭೆಗೆ ಎರಡು ಊರಿನ ಸರ್ವರ್: ಮಡಿಕೇರಿಯಿಂದ ನನ್ನ ಅನುಭವ

ಕೊಡಗಿನಲ್ಲಿ ಜೂನ್ ಹಿಡಿಯಿತೆಂದರೆ ದೂರದ ಸದಸ್ಯರನ್ನು ಮಡಿಕೇರಿಗೆ ಸಭೆಗೆ ಕರೆಸುವುದು ಕಷ್ಟ. ನಾಪೋಕ್ಲು ಕಡೆ ಕಾವೇರಿ ಉಕ್ಕಿದರೆ ರಸ್ತೆ ಇಲ್ಲ, ಕುಟ್ಟದಿಂದ ಹೊರಟವರಿಗೆ ಸಂಜೆ ವಾಪಸ್ ಹೋಗುವ ಧೈರ್ಯ ಇಲ್ಲ. ಆದರೆ ಕಾಫಿಗೆ ಕೊಳೆರೋಗ, ಮೆಣಸಿನ ಬಳ್ಳಿಗೆ ಸೊರಗು ರೋಗ ಕಾಣಿಸಿಕೊಳ್ಳುವುದೂ ಇದೇ ತಿಂಗಳುಗಳಲ್ಲಿ. ತಜ್ಞರ ಮಾತು ತುರ್ತಾಗಿ ಬೇಕಾಗುವುದೂ ಆಗಲೇ. ನಮ್ಮ ಬೆಳೆಗಾರರ ಸಹಕಾರ ಸಂಘದ ವಿಡಿಯೋ ಸಭೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಒಂದು ಸರ್ವರ್ ನಿಂತುಹೋದರೂ ಸಭೆ ನಡೆಯಬೇಕು ಎಂದು ನಾವು ಕಟ್ಟಿಕೊಂಡ ವ್ಯವಸ್ಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನ ಬೇರೆ ಸಂಘ, ಶಾಲೆ, ಆಸ್ಪತ್ರೆಗಳಲ್ಲಿ ಇದೇ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರಲಿ ಎಂಬ ಆಸೆ.

ನಾವು ಬಳಸುವುದು ಜಿಟ್ಸಿ ಮೀಟ್. ಮುಕ್ತ ತಂತ್ರಾಂಶ, ಸದಸ್ಯರ ತಲೆಎಣಿಕೆಯ ಮೇಲೆ ಶುಲ್ಕವಿಲ್ಲ, ಬ್ರೌಸರ್‌ನಲ್ಲಿ ಲಿಂಕ್ ಒತ್ತಿದರೆ ಸಾಕು. ಎಪ್ಪತ್ತು ದಾಟಿದ ಬೆಳೆಗಾರರಿಗೆ ಹೊಸ ಖಾತೆ, ಪಾಸ್‌ವರ್ಡ್ ಎಂದು ಹೇಳುತ್ತ ಕೂರಬೇಕಾಗಿಲ್ಲ ಎಂಬುದೇ ನನಗೆ ದೊಡ್ಡ ಕಾರಣವಾಗಿತ್ತು.

ಮೊದಲು ತೀರ್ಮಾನವಾಗಬೇಕಿದ್ದದ್ದು ಸರ್ವರ್ ಎಲ್ಲಿರಬೇಕು ಎಂಬುದು. ಆಡಳಿತ ಮಂಡಳಿಯಲ್ಲಿ ಹಲವರ ಅಭಿಪ್ರಾಯ, ಮಡಿಕೇರಿ ಕಚೇರಿಯಲ್ಲೇ ಎರಡು ಸರ್ವರ್ ಇಟ್ಟರೆ ಆಯಿತಲ್ಲ ಎಂದು. ನಾನು ಒಪ್ಪಲಿಲ್ಲ. ಇಲ್ಲಿ ಸರ್ವರ್ ಕೆಟ್ಟು ಸಭೆ ನಿಲ್ಲುವುದು ಅಪರೂಪ. ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುತ್ತದೆ, ರಸ್ತೆ ಬದಿಯ ಮಣ್ಣು ಕುಸಿದು ಫೈಬರ್ ತುಂಡಾಗುತ್ತದೆ. ಆಗ ಒಂದೇ ಕೋಣೆಯ ಎರಡೂ ಸರ್ವರ್ ಒಟ್ಟಿಗೆ ಹೋಗುತ್ತವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಸಂಪಾಜೆ ಘಾಟಿಯ ಹೆದ್ದಾರಿಯೇ ಮುಚ್ಚಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಒಟ್ಟಿಗೆ ಕೆಡುವಂಥವನ್ನು ಬೇರೆ ಬೇರೆ ಕಡೆ ಇಡಬೇಕು. ಸರ್ವರ್ ಎಷ್ಟು ಎಂಬ ಲೆಕ್ಕ ಆಮೇಲಿನದು.

ಇನ್ನೊಂದು ಕಾರಣ ಬ್ಯಾಂಡ್‌ವಿಡ್ತ್, ಅಂದರೆ ಲೈನು ಹೊರಬಲ್ಲ ಡೇಟಾದ ಪ್ರಮಾಣ. ಜಿಟ್ಸಿಯ ವಿಡಿಯೋ ಬ್ರಿಡ್ಜ್ ಎಲ್ಲರ ಚಿತ್ರವನ್ನು ಕಲೆಸಿ ಒಂದು ಮಾಡುವುದಿಲ್ಲ. ಒಬ್ಬರಿಂದ ಬಂದದ್ದನ್ನು ಬೇಕಾದವರಿಗೆಲ್ಲ ಪ್ರತಿ ಮಾಡಿ ಕಳಿಸುತ್ತದೆ, ಅಷ್ಟೇ. ಹಾಗಾಗಿ ಪ್ರೊಸೆಸರ್‌ಗಿಂತ ಹೊರಹೋಗುವ ಲೈನಿನ ಮೇಲೆ ಹೊರೆ ಬೀಳುತ್ತದೆ. ಅರವತ್ತು ಜನರ ಸಭೆಯಲ್ಲಿ ಒಬ್ಬೊಬ್ಬರಿಗೂ 1.5 ಎಂಬಿಪಿಎಸ್ (ಸೆಕೆಂಡಿಗೆ 1.5 ಮೆಗಾಬಿಟ್) ಹೋಗುತ್ತದೆ ಎಂದಿಟ್ಟುಕೊಂಡರೂ ಬ್ರಿಡ್ಜ್‌ನಿಂದ 90 ಎಂಬಿಪಿಎಸ್ ಎಡೆಬಿಡದೆ ಹೊರಹೋಗಬೇಕು. ಮಳೆಗಾಲದಲ್ಲಿ ನಮ್ಮ ಕಚೇರಿಯ ಲೈನಿನಿಂದ ಅದನ್ನು ನಿರೀಕ್ಷಿಸುವ ಹಾಗಿಲ್ಲ.

ಕೊನೆಗೆ ಸರ್ವರ್‌ಗಳ ಒಂದು ಗುಂಪನ್ನು ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ, ಇನ್ನೊಂದನ್ನು ಮುಂಬೈಯಲ್ಲಿ ಬಾಡಿಗೆಗೆ ಪಡೆದೆವು. ಮಾತುಕತೆ ಸಹಜವಾಗಿ ಸಾಗಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿರಬೇಕು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯುವಿನ ಜಿ.114 ಶಿಫಾರಸು. ದೇಶದೊಳಗಿನ ಈ ದೂರ ಅದಕ್ಕೆ ತೊಡಕಲ್ಲ.

ಇನ್ನು ಕ್ಲಸ್ಟರ್‌ನ, ಅಂದರೆ ಹಲವು ಸರ್ವರ್ ಸೇರಿ ಒಂದರಂತೆ ಕೆಲಸ ಮಾಡುವುದರ ವಿಷಯ. ವೆಬ್‌ಸೈಟ್‌ಗೆ ಎರಡು ಸರ್ವರ್ ಹಾಕುವುದು ಸುಲಭ: ಯಾವ ಸರ್ವರ್ ಉತ್ತರ ಕೊಟ್ಟರೂ ನಡೆಯುತ್ತದೆ. ಸಭೆ ಹಾಗಲ್ಲ. ಒಂದೇ ಹೆಸರಿನ ಸಭೆಯ ಕೋಣೆಗೆ ಬಂದವರೆಲ್ಲ ಒಂದೇ ಜಾಗದಲ್ಲಿ ಸೇರಬೇಕು. ಇಲ್ಲದಿದ್ದರೆ ಅರ್ಧ ಜನ ಬೆಂಗಳೂರಿನ ಕೋಣೆಯಲ್ಲಿ, ಇನ್ನರ್ಧ ಮುಂಬೈಯ ಕೋಣೆಯಲ್ಲಿ ಕೂತು ಪರಸ್ಪರ ಕಾಯುತ್ತಿರುತ್ತಾರೆ. ಎರಡೂ ಕಡೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಯಾವ ಅಲಾರಂ ಕೂಡ ಬಡಿಯುವುದಿಲ್ಲ. ಸರ್ವರ್ ಬೀಳುವುದಕ್ಕಿಂತ ಇದಕ್ಕೇ ನಾನು ಹೆಚ್ಚು ಹೆದರುವುದು.

ಜಿಟ್ಸಿಯೊಳಗೆ ಕೆಲಸ ಹಂಚಿಹೋಗಿದೆ. ಯಾರು ಯಾವ ಕೋಣೆಯಲ್ಲಿದ್ದಾರೆ ಎಂಬ ಸಂದೇಶಗಳನ್ನು ಪ್ರೊಸೋಡಿ ನೋಡಿಕೊಳ್ಳುತ್ತದೆ. ಯಾವ ಸಭೆಗೆ ಯಾವ ಬ್ರಿಡ್ಜ್ ಎಂದು ಜಿಕೋಫೋ ನಿರ್ಧರಿಸುತ್ತದೆ. ಧ್ವನಿ, ಚಿತ್ರ ಬ್ರಿಡ್ಜ್ ಮೂಲಕ, ಸಾಮಾನ್ಯವಾಗಿ 10000ನೇ ಯುಡಿಪಿ ಪೋರ್ಟ್‌ನಲ್ಲಿ (ಸರ್ವರ್‌ನಲ್ಲಿ ಡೇಟಾ ಹೋಗಿಬರುವ ಬಾಗಿಲು) ಹರಿಯುತ್ತವೆ. ಬ್ರಿಡ್ಜ್‌ಗೆ ಜೊತೆ ಕೊಡುವುದು ಕಷ್ಟವಲ್ಲ. ಎಷ್ಟು ಬ್ರಿಡ್ಜ್ ಹಾಕಿದರೂ ಅವೆಲ್ಲ ಪ್ರೊಸೋಡಿಯೊಳಗಿನ ಒಂದು ಒಳಕೋಣೆಗೆ ಬಂದು ಹಾಜರಿ ಹಾಕುತ್ತವೆ. ಜಿಕೋಫೋ ಅವುಗಳಲ್ಲಿ ಹೊರೆ ಕಡಿಮೆ ಇರುವುದನ್ನು ಆರಿಸುತ್ತದೆ. ಒಂದು ಬ್ರಿಡ್ಜ್ ಹಾಜರಿ ತಪ್ಪಿಸಿದರೆ ಅದರಲ್ಲಿದ್ದವರನ್ನು ಇನ್ನೊಂದಕ್ಕೆ ತಾನೇ ಕರೆಯುತ್ತದೆ. ಸದಸ್ಯರಿಗೆ ಚಿತ್ರ ನಿಂತು ಮತ್ತೆ ಬರುತ್ತದೆ, ಅವರು ಏನೂ ಒತ್ತಬೇಕಾಗಿಲ್ಲ.

ಕಷ್ಟ ಇರುವುದು ಪ್ರೊಸೋಡಿಯಲ್ಲಿ. ಎರಡು ಪ್ರೊಸೋಡಿಗಳನ್ನು ಒಂದೇ ಎಂಬಂತೆ ನಡೆಸುವ ಕ್ಲಸ್ಟರಿಂಗ್ ಅದರಲ್ಲಿ ಇಲ್ಲ. ಅದಕ್ಕೇ ಜಿಟ್ಸಿ ದೊಡ್ಡದಾಗಿ ನಡೆಸುವವರೆಲ್ಲ ಶಾರ್ಡ್ ಎಂಬ ದಾರಿ ಹಿಡಿಯುತ್ತಾರೆ: ವೆಬ್, ಪ್ರೊಸೋಡಿ, ಜಿಕೋಫೋ ಸೇರಿ ಒಂದು ಶಾರ್ಡ್. ನಮ್ಮದು ಬೆಂಗಳೂರಿನಲ್ಲಿ ಒಂದು, ಮುಂಬೈಯಲ್ಲಿ ಒಂದು. ಎರಡೂ ಊರಿನ ಬ್ರಿಡ್ಜ್‌ಗಳು ಎರಡೂ ಶಾರ್ಡ್‌ಗಳಿಗೆ ಹಾಜರಿ ಹಾಕುವಂತೆ ಸಂರಚನೆ ಮಾಡಿದ್ದೇವೆ. ಒಂದು ಬ್ರಿಡ್ಜ್ ಒಂದಕ್ಕಿಂತ ಹೆಚ್ಚು ಶಾರ್ಡ್‌ಗೆ ಸೇರಬಹುದು. ಹೀಗಾಗಿ ಶಾರ್ಡ್ ಬಿದ್ದರೂ ಅದರ ಊರಿನ ಬ್ರಿಡ್ಜ್‌ಗಳು ಕೆಲಸವಿಲ್ಲದೆ ಕೂರುವುದಿಲ್ಲ.

ಮುಂದುಗಡೆ, ಬಂದವರನ್ನು ಸರ್ವರ್‌ಗಳಿಗೆ ಹಂಚುವ ಹೆಚ್‌ಎ ಪ್ರಾಕ್ಸಿ ಎಂಬ ತಂತ್ರಾಂಶ ಇದೆ. ವಿಳಾಸದಲ್ಲಿ ಬರುವ ಕೋಣೆಯ ಹೆಸರನ್ನು ನೋಡಿ, ಆ ಹೆಸರಿನವರನ್ನೆಲ್ಲ ಒಂದೇ ಶಾರ್ಡ್‌ಗೆ ಕಳಿಸುತ್ತದೆ. ಯಾವ ಕೋಣೆ ಎಲ್ಲಿಗೆ ಎಂಬುದನ್ನು ಸ್ಟಿಕ್ ಟೇಬಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಈ ಟೇಬಲ್‌ನ ಅವಧಿಯನ್ನು ತಲೆ ಕೆಡಿಸಿಕೊಂಡು ನಿಗದಿ ಮಾಡಬೇಕು. ಸಭೆ ಶುರುವಾದ ಮೇಲೆ ಸಂದೇಶಗಳೆಲ್ಲ ಒಂದೇ ವೆಬ್‌ಸಾಕೆಟ್‌ನಲ್ಲಿ (ಮುಚ್ಚದೆ ತೆರೆದೇ ಇರುವ ಸಂಪರ್ಕ) ಹರಿಯುವುದರಿಂದ ಪ್ರಾಕ್ಸಿಗೆ ಹೊಸ ಕೋರಿಕೆಯೇ ಕಾಣದೆ ಇರಬಹುದು. ಅವಧಿ ಅರ್ಧ ಗಂಟೆ ಎಂದಿಟ್ಟರೆ, ಎಲ್ಲರೂ ಸಮಯಕ್ಕೆ ಬಂದು ಕೂತ ಸಭೆಯ ನಡುವೆ ಆ ಸಾಲು ಅಳಿಸಿಹೋಗಿ, ತಡವಾಗಿ ಬಂದ ಒಬ್ಬರು ಬೇರೆ ಶಾರ್ಡ್‌ಗೆ ಹೋಗುವ ಸಾಧ್ಯತೆ ಇದೆ. ನಮ್ಮ ಮಹಾಸಭೆ ಬೆಳಿಗ್ಗೆ ಶುರುವಾದರೆ ಮಧ್ಯಾಹ್ನದವರೆಗೂ ಎಳೆಯುತ್ತದೆ. ಅದಕ್ಕಿಂತ ಉದ್ದದ ಅವಧಿಯನ್ನೇ ಇಟ್ಟಿದ್ದೇವೆ.

ಬಿದ್ದ ಶಾರ್ಡ್ ಮತ್ತೆ ಎದ್ದಾಗ ಇನ್ನೂ ಎಚ್ಚರ ಬೇಕು. ಹೆಚ್‌ಎ ಪ್ರಾಕ್ಸಿ ತಾನಾಗಿ 2 ಸೆಕೆಂಡಿಗೊಮ್ಮೆ ಆರೋಗ್ಯ ವಿಚಾರಿಸುತ್ತದೆ. 3 ಸಲ ಉತ್ತರ ಬರದಿದ್ದರೆ ಬಿದ್ದಿದೆ ಎನ್ನುತ್ತದೆ, 2 ಸಲ ಬಂದರೆ ಎದ್ದಿದೆ ಎನ್ನುತ್ತದೆ. ಬೀಳುವ ಲೆಕ್ಕವನ್ನು ಹಾಗೇ ಬಿಟ್ಟೆ. ಏಳುವ ಲೆಕ್ಕವನ್ನು ಮಾತ್ರ ತುಂಬ ಹೆಚ್ಚಿಸಿದೆ. ಎದ್ದು ಬಿದ್ದು ಮಾಡುವ ಸರ್ವರ್ ಸತ್ತ ಸರ್ವರ್‌ಗಿಂತ ಕೇಡು. ಪ್ರತಿ ಸಲ ಅದು ಎದ್ದಾಗಲೂ ಹೊಸ ಸಭೆಗಳು ಅದಕ್ಕೆ ಹೋಗುತ್ತವೆ, ಬಿದ್ದಾಗ ಜನ ಮತ್ತೆ ಹೊರಬೀಳುತ್ತಾರೆ. ಆರೋಗ್ಯ ವಿಚಾರಿಸುವುದನ್ನು ಕೂಡ ವೆಬ್ ಪುಟಕ್ಕೆ ಕಟ್ಟಬಾರದು. ವೆಬ್ ಪುಟ ಚೆನ್ನಾಗಿ ತೆರೆದುಕೊಂಡು, ಒಳಗೆ ಜಿಕೋಫೋ ಸತ್ತಿರಬಹುದು. ಜಿಕೋಫೋ, ಬ್ರಿಡ್ಜ್ ಎರಡರಲ್ಲೂ ಆರೋಗ್ಯ ಹೇಳುವ ವಿಳಾಸ ಇದೆ, ಅದನ್ನೇ ಕೇಳಬೇಕು.

ಪ್ರಾಕ್ಸಿ ಒಂದೇ ಆದರೆ ಅದು ಬಿದ್ದಾಗ ಎಲ್ಲವೂ ಬಿದ್ದಂತೆ. ಅದಕ್ಕೆ ಎರಡು ಪ್ರಾಕ್ಸಿ, ಎರಡೂ ಸ್ಟಿಕ್ ಟೇಬಲ್ ಹಂಚಿಕೊಳ್ಳುತ್ತವೆ. ಒಂದೇ ಕಟ್ಟಡದಲ್ಲಾಗಿದ್ದರೆ ಕೀಪ್‌ಅಲೈವ್ಡಿ ಎಂಬ ತಂತ್ರಾಂಶ ಹಾಕಿ ಒಂದು ಐಪಿ ವಿಳಾಸವನ್ನು ಎರಡರ ನಡುವೆ ಓಡಾಡಿಸಬಹುದಿತ್ತು. ಅದು ಒಂದೇ ಜಾಲದ ತುಂಡಿನೊಳಗೆ ನಡೆಯುವ ವಿದ್ಯೆ, ಬೆಂಗಳೂರು ಮುಂಬೈ ನಡುವೆ ನಡೆಯದು. ನಾವು ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ದಾರಿ ಹಿಡಿದೆವು: 60 ಸೆಕೆಂಡ್ ಆಯಸ್ಸಿನ ದಾಖಲೆ, ಯಾವಾಗಲೂ ಒಂದೇ ಪ್ರಾಕ್ಸಿಯತ್ತ ಬೆರಳು. ಬದಲಾಯಿಸುವ ತೀರ್ಮಾನವನ್ನು ಆ ಎರಡರಲ್ಲಿ ಯಾವುದಕ್ಕೂ ಕೊಟ್ಟಿಲ್ಲ. ಚೆನ್ನೈಯಲ್ಲಿರುವ ಮೂರನೆಯ ಪುಟ್ಟ ಯಂತ್ರ ಎರಡನ್ನೂ ನೋಡುತ್ತಿರುತ್ತದೆ. ಎರಡು ಊರಿನ ನಡುವಿನ ಸಂಪರ್ಕ ಕಡಿದಾಗ ಇಬ್ಬರೂ ತಾನೇ ಬದುಕಿರುವವನು ಎಂದುಕೊಳ್ಳುತ್ತಾರೆ. ಆಗ ಹೊರಗಿನವರೊಬ್ಬರು ಹೇಳಬೇಕು.

ಪರೀಕ್ಷೆ ಮಾಡುವ ರೀತಿಯ ಬಗ್ಗೆ ಒಂದು ಮಾತು. ಸರ್ವಿಸ್ ನಿಲ್ಲಿಸುವ ಆದೇಶ ಕೊಟ್ಟು, ಎಲ್ಲರೂ ಇನ್ನೊಂದಕ್ಕೆ ಕ್ಷಣದಲ್ಲಿ ಹೋದರು ಎಂದು ಸಂತೋಷಪಟ್ಟರೆ ಸಾಲದು. ಆದೇಶದಿಂದ ನಿಂತ ಸರ್ವರ್ ತನ್ನ ಸಂಪರ್ಕಗಳನ್ನೆಲ್ಲ ಕ್ರಮವಾಗಿ ಮುಚ್ಚಿ ಹೋಗುತ್ತದೆ, ಎದುರಿನವರಿಗೆ ತಕ್ಷಣ ತಿಳಿಯುತ್ತದೆ. ಕೇಬಲ್ ತುಂಡಾದಾಗ ಯಾರೂ ಯಾರಿಗೂ ಹೇಳಿ ಹೋಗುವುದಿಲ್ಲ. ನಾನು ಫೈರ್‌ವಾಲ್‌ನಲ್ಲಿ ಬ್ರಿಡ್ಜ್‌ನ ಪ್ಯಾಕೆಟ್‌ಗಳನ್ನೆಲ್ಲ ಸದ್ದಿಲ್ಲದೆ ಬೀಳಿಸಿ ನೋಡಿದೆ. ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಬ್ರೌಸರ್‌ನಲ್ಲಿ ಧ್ವನಿ, ಚಿತ್ರ ಸಾಗಿಸುವ ವೆಬ್‌ಆರ್‌ಟಿಸಿಯಲ್ಲಿ ಎದುರಿನವರು ಇನ್ನೂ ಕೇಳುತ್ತಿದ್ದಾರೆಯೇ ಎಂದು ಸುಮಾರು 5 ಸೆಕೆಂಡಿಗೊಮ್ಮೆ ವಿಚಾರಿಸಲಾಗುತ್ತದೆ; 30 ಸೆಕೆಂಡ್ ಉತ್ತರವಿಲ್ಲದಿದ್ದರೆ ಕಳಿಸುವುದನ್ನು ನಿಲ್ಲಿಸಬೇಕು ಎಂಬುದು 2015ರ ಆರ್‌ಎಫ್‌ಸಿ 7675 ಎಂಬ ಇಂಟರ್ನೆಟ್ ಮಾನದಂಡದ ನಿಯಮ. ಅಂದರೆ ಕೆಟ್ಟ ಸಂದರ್ಭದಲ್ಲಿ ಅರ್ಧ ನಿಮಿಷ ಪರದೆ ಹೆಪ್ಪುಗಟ್ಟಿ ನಿಲ್ಲಬಹುದು. ಇದನ್ನು ಸದಸ್ಯರಿಗೆ ಮೊದಲೇ ಹೇಳಿಟ್ಟೆವು. ಗೋಣಿಕೊಪ್ಪದ ಹಿರಿಯ ಸದಸ್ಯರೊಬ್ಬರು ಪರೀಕ್ಷೆಯ ದಿನ ಫೋನ್ ಮಾಡಿ, “ಏನಪ್ಪಾ, ಎಲ್ಲರ ಮುಖವೂ ನಿಂತುಹೋಯ್ತಲ್ಲ, ನಾನು ಹೊರಗೆ ಬಂದು ಮತ್ತೆ ಸೇರಲಾ?” ಎಂದರು. “ಸ್ವಲ್ಪ ಹೊತ್ತು ಹಾಗೇ ಇರಿ ಅಂಕಲ್, ತಾನಾಗೇ ಬರುತ್ತೆ” ಎಂದೆ. ಬಂತು. ಕಾಯಬೇಕು ಎಂದು ಗೊತ್ತಿದ್ದವರು ಕಾಯುತ್ತಾರೆ. ಗೊತ್ತಿಲ್ಲದಿದ್ದರೆ ಎಲ್ಲರೂ ಒಟ್ಟಿಗೆ ಹೊರಬಿದ್ದು ಒಟ್ಟಿಗೆ ಒಳನುಗ್ಗುತ್ತಾರೆ, ಉಳಿದ ಸರ್ವರ್‌ಗೂ ಅದು ಒಳ್ಳೆಯದಲ್ಲ.

ಶಾರ್ಡ್ ಇಡಿಯಾಗಿ ಬಿದ್ದರೆ ಸಭೆ ಅದೇ ಸ್ಥಿತಿಯಲ್ಲಿ ಇನ್ನೊಂದಕ್ಕೆ ದಾಟುವುದಿಲ್ಲ. ಪೇಜ್ ಮತ್ತೆ ತೆರೆದುಕೊಂಡು ಎಲ್ಲರೂ ಹೊಸದಾಗಿ ಸೇರುತ್ತಾರೆ. ಚಾಟ್‌ನಲ್ಲಿ ಬರೆದದ್ದು, ಯಾರು ಕೈ ಎತ್ತಿದ್ದರು ಎಂಬುದು, ನಡೆಯುತ್ತಿದ್ದ ಮತದಾನ ಎಲ್ಲ ಹೋಗುತ್ತವೆ. ಆದ್ದರಿಂದ ಮಹಾಸಭೆಯ ನಿರ್ಣಯ, ಮತ ಎಲ್ಲವನ್ನೂ ಕಾರ್ಯದರ್ಶಿಗಳು ನಡಾವಳಿ ಪುಸ್ತಕದಲ್ಲಿ ಆಗಿಂದಾಗ್ಗೆ ಬರೆಯುತ್ತಾರೆ. ಮೊದಲಿನಿಂದ ಇದ್ದ ಪದ್ಧತಿಯೇ, ಮುಂದುವರಿಸಿದೆವು.

ಸರ್ವರ್ ಅಪ್‌ಡೇಟ್‌ಗೂ ಈ ಜೋಡಣೆ ಅನುಕೂಲ. ಬ್ರಿಡ್ಜ್‌ಗೆ ಮೆಲ್ಲಗೆ ನಿಲ್ಲುವ ಆದೇಶ ಕೊಟ್ಟರೆ ಹೊಸ ಸಭೆ ತೆಗೆದುಕೊಳ್ಳದೆ, ಇದ್ದದ್ದು ಮುಗಿದ ಮೇಲೆ ತಾನೇ ನಿಲ್ಲುತ್ತದೆ. ಒಂದೊಂದಾಗಿ ಹೀಗೆ ಮಾಡುತ್ತ ಹೋಗಬಹುದು, ರಾತ್ರಿ ಎದ್ದು ಕೂರಬೇಕಾಗಿಲ್ಲ.

ಇಷ್ಟೆಲ್ಲ ದೂರದ ಊರುಗಳಲ್ಲಿ ಇದ್ದರೂ ಸಭೆ ತಪ್ಪುವುದು ಹೆಚ್ಚಾಗಿ ಈ ತುದಿಯಲ್ಲಿ, ತೋಟದ ಮನೆಯಲ್ಲಿ. ಮಡಿಕೇರಿ ಕಚೇರಿಗೆ ಎರಡು ಲೈನ್ ತೆಗೆದುಕೊಳ್ಳುವಾಗ ಎರಡು ಬೇರೆ ಕಂಪನಿ ಎಂಬುದನ್ನಷ್ಟೇ ನೋಡಲಿಲ್ಲ, ತಂತಿ ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳಿದೆವು. ಎರಡೂ ಕುಶಾಲನಗರದ ಕಡೆಯಿಂದ ಒಂದೇ ಕಂಬದ ಮೇಲೆ ಬರುವುದಾದರೆ ಒಂದು ಮರ ಎರಡನ್ನೂ ಎಳೆದುಕೊಂಡು ಬೀಳುತ್ತದೆ. ಕೊನೆಗೆ ಒಂದು ಫೈಬರ್, ಇನ್ನೊಂದು ಮೊಬೈಲ್ ಜಾಲದ ರೌಟರ್ ಎಂದು ನಿರ್ಧರಿಸಿದೆವು. ರೌಟರ್, ಮೋಡೆಮ್‌ಗಳಿಗೆ ಕಂಪ್ಯೂಟರ್‌ನ ಯುಪಿಎಸ್ ಬಿಟ್ಟು ಬೇರೆಯೇ ಬ್ಯಾಟರಿ ಇದೆ. ಅವು ಹೀರುವ ವಿದ್ಯುತ್ ಕಡಿಮೆ, ಒಂದು ಇನ್ವರ್ಟರ್ ಬ್ಯಾಟರಿಯಲ್ಲಿ ದಿನವಿಡೀ ನಡೆಯುತ್ತವೆ.

ಸದಸ್ಯರ ಮನೆಗಳಲ್ಲಿ ಇಷ್ಟು ಮಾಡಲಾಗದು. ಅದಕ್ಕೆ ಪರದೆಯಲ್ಲಿ ಒಮ್ಮೆಗೆ ನಾಲ್ವರ ಚಿತ್ರ ಮಾತ್ರ ಕಾಣುವಂತೆ ಮಿತಿ ಹಾಕಿದ್ದೇವೆ, ಸೇರುವಾಗ ಕ್ಯಾಮೆರಾ ಮುಚ್ಚಿಯೇ ಇರುತ್ತದೆ. ಧ್ವನಿಗೆ ಬೇಕಾಗುವುದು ಚಿತ್ರಕ್ಕೆ ಬೇಕಾದುದರ ಸಣ್ಣ ಪಾಲು. ಜೋರು ಮಳೆಯಲ್ಲಿ ಡೇಟಾ ಪೂರ್ತಿ ಸತ್ತರೂ ಮಾಮೂಲಿ ಕರೆ ಹೋಗುವ ಜಾಗಗಳು ಸೋಮವಾರಪೇಟೆ, ಶಾಂತಳ್ಳಿ ಕಡೆ ಎಷ್ಟೋ ಇವೆ. ಅವರಿಗಾಗಿ ಜಿಗಾಸಿ ಎಂಬ ಭಾಗವನ್ನು ಎರಡೂ ಊರಿನಲ್ಲಿ ಹಾಕಿ, ಫೋನ್ ನಂಬರಿಗೆ ಕರೆ ಮಾಡಿ ಸಭೆ ಸೇರುವ ವ್ಯವಸ್ಥೆ ಮಾಡಿದೆವು. ಕೀಪ್ಯಾಡ್ ಫೋನಿನಿಂದಲೂ ಆಗುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ಇದೇ. ಕ್ಯಾಮೆರಾ ಮುಂದೆ ಎಂದೂ ಕೂರದವರು ಜಗಲಿಯಲ್ಲಿ ಕೂತು, ತಮ್ಮ ಬಳ್ಳಿಯ ಎಲೆ ಹೇಗೆ ಹಳದಿಯಾಯಿತು ಎಂದು ವಿವರಿಸಿ ಉತ್ತರ ಪಡೆಯುತ್ತಾರೆ.

ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ನಿಜವಾದ ಸಭೆಯೊಂದರ ನಡುವೆ ಕಾರ್ಯದರ್ಶಿಗಳು ಹೇಳಿದ ಸರ್ವರ್ ಒಂದನ್ನು ಕಡಿದು ನೋಡುತ್ತೇವೆ. ಕಡಿಯುವವನು ನಾನಲ್ಲ. ಕಚೇರಿಯ ಲೆಕ್ಕ ನೋಡುವ ಹುಡುಗಿ, ಮುದ್ರಿಸಿಟ್ಟ ಹಾಳೆಯನ್ನು ಓದಿಕೊಂಡು ಒಂದೊಂದೇ ಹೆಜ್ಜೆ ಮಾಡುತ್ತಾಳೆ: ಯಾವ ಪುಟ ತೆರೆಯಬೇಕು, ಯಾವ ಬಣ್ಣ ಕಂಡರೆ ಏನು, ಡಿಎನ್‌ಎಸ್ ತಾನಾಗಿ ಬದಲಾಗದಿದ್ದರೆ ಕೈಯಿಂದ ಹೇಗೆ ಬದಲಾಯಿಸಬೇಕು, ಯಾರಿಗೆ ಫೋನ್ ಮಾಡಬೇಕು. ಅವಳಿಗೆ ಅರ್ಥವಾಗದ ಸಾಲು ಇದ್ದರೆ ಆ ಸಾಲನ್ನು ಅಂದೇ ತಿದ್ದುತ್ತೇವೆ. ಹಾಳೆಯ ಒಂದು ಪ್ರತಿ ಮಡಿಕೇರಿಯಲ್ಲಿ, ಇನ್ನೊಂದು ಗೋಣಿಕೊಪ್ಪದ ಶಾಖೆಯಲ್ಲಿದೆ. ಪಾಸ್‌ವರ್ಡ್‌ಗಳು ಮುಚ್ಚಿದ ಲಕೋಟೆಯಲ್ಲಿ ಎರಡೂ ಕಡೆಯ ತಿಜೋರಿಯಲ್ಲಿವೆ.