ತಂತಿಯ ತುದಿಯಲ್ಲಿ ವಿಮಾನ: ಗೆಳೆಯರ ಜೊತೆ ಹಾರಿಸುವ ದಿನಕ್ಕೆ ಸಿದ್ಧತೆ

ಹಾರಿಸುವ ದಿನದ ಕೆಲಸ ಹಿಂದಿನ ರಾತ್ರಿಯೇ ಶುರು. ನಾನು ಮೊದಲು ಹೊರತೆಗೆಯುವುದು ವಿಮಾನವನ್ನಲ್ಲ, ತಂತಿ ಸುತ್ತಿಟ್ಟ ರೀಲನ್ನು. ನಮ್ಮದು ಕಂಟ್ರೋಲ್ ಲೈನ್ ವಿಮಾನ, ಅಂದರೆ ತಂತಿ ಹಿಡಿದು ನಮ್ಮ ಸುತ್ತ ಹಾರಿಸುವ ಪುಟ್ಟ ಮಾದರಿ ವಿಮಾನ; ಅದಕ್ಕೆ ರೇಡಿಯೊ ಇಲ್ಲ. ಕೈಯಲ್ಲಿ ಒಂದು ಹ್ಯಾಂಡಲ್, ಅದರಿಂದ ಹೊರಟ ಎರಡು ಸಣ್ಣ ಉಕ್ಕಿನ ತಂತಿ, ವಿಮಾನದೊಳಗೆ ತಂತಿಯ ಎಳೆತಕ್ಕೆ ತಿರುಗುವ ಬೆಲ್‌ಕ್ರ್ಯಾಂಕ್ ಎಂಬ ಪುಟ್ಟ ಸನ್ನೆ, ಅಲ್ಲಿಂದ ವಿಮಾನವನ್ನು ಏರಿಸಿ ಇಳಿಸುವ ಬಾಲದ ಪಟ್ಟಿಗೆ, ಅಂದರೆ ಎಲಿವೇಟರಿಗೆ, ಒಂದು ಕಡ್ಡಿ. ತಂತಿ ಬಿಗಿಯಾಗಿರುವವರೆಗೆ ವಿಮಾನ ನಿಮ್ಮ ಮಣಿಕಟ್ಟಿನ ಮಾತು ಕೇಳುತ್ತದೆ. ಸಡಿಲವಾಯಿತೋ, ಕೈಯಲ್ಲಿ ಉಳಿಯುವುದು ಬರೀ ಹ್ಯಾಂಡಲ್.

ಒಣ ಬಟ್ಟೆಯ ನಡುವೆ ಹಿಡಿದು ತಂತಿಯನ್ನು ಉದ್ದಕ್ಕೂ ಎಳೆಯಿರಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಹರಿದಿದೆ ಎಂದರ್ಥ. ಮಡಿಕೆ ಬಿದ್ದ ತಂತಿಯನ್ನು ನೆಟ್ಟಗೆ ಮಾಡಿ ಬಳಸುವವರನ್ನು ನೋಡಿದ್ದೇನೆ; ದಯವಿಟ್ಟು ಹಾಗೆ ಮಾಡಬೇಡಿ, ಎಸೆದುಬಿಡಿ. ಏಕೆಂದರೆ ಆ ತಂತಿಯ ಮೇಲೆ ಬೀಳುವ ಎಳೆತ ಸಣ್ಣದಲ್ಲ. 600 ಗ್ರಾಂ ತೂಕದ ವಿಮಾನ 16 ಮೀಟರ್ ತಂತಿಯಲ್ಲಿ 5 ಸೆಕೆಂಡಿಗೆ ಒಂದು ಸುತ್ತು ಹಾಕಿದರೆ ವೇಗ ಗಂಟೆಗೆ 72 ಕಿಲೋಮೀಟರ್ ದಾಟುತ್ತದೆ, ಕೈಗೆ ಸುಮಾರು ಒಂದೂವರೆ ಕಿಲೋ ಎಳೆತ ಸಿಗುತ್ತದೆ. ಆ ಎಳೆತವೇ ನಮಗೆ ಬೇಕಾದದ್ದು. ಅದು ಕಡಿಮೆಯಾಗದಿರಲೆಂದೇ ಹೊರಗಡೆಯ ರೆಕ್ಕೆತುದಿಗೆ ಒಂದಿಷ್ಟು ತೂಕ ಸೇರಿಸುತ್ತೇವೆ, ಎಂಜಿನ್ ಮೂತಿಯನ್ನು ಒಂದೆರಡು ಡಿಗ್ರಿ ಹೊರಕ್ಕೆ ತಿರುಗಿಸುತ್ತೇವೆ.

ಬೆಳಿಗ್ಗೆ ಮೈದಾನಕ್ಕೆ ಹೋದ ಕೂಡಲೇ ತಲೆಯೆತ್ತಿ ನೋಡಿ. ಹತ್ತಿರದಲ್ಲಿ ಕರೆಂಟಿನ ತಂತಿ ಹಾದುಹೋಗಿದ್ದರೆ ಆ ಜಾಗ ಬೇಡ. ನಿಮ್ಮ ಕೈಯಲ್ಲಿರುವುದೂ ಉಕ್ಕಿನ ತಂತಿಯೇ. ಗುಡುಗಿನ ಸದ್ದು ಕೇಳಿದರೂ ಅಷ್ಟೇ, ಎಲ್ಲ ಕಟ್ಟಿಡಿ. ಮಧ್ಯದಲ್ಲಿ ಒಂದು ಗುರುತು ಹಾಕಿ, ತಂತಿಯ ಉದ್ದಕ್ಕಿಂತ ಸಾಕಷ್ಟು ಹೊರಗೆ ನೋಡುವವರ ಗೆರೆ ಎಳೆಯಿರಿ. ಹಾರಾಟ ನಡೆಯುವಾಗ ಆ ಗೆರೆಯೊಳಗೆ ಯಾರೂ ಬರಬಾರದು.

ಮುಂದಿನದು ಎಳೆದು ನೋಡುವ ಪರೀಕ್ಷೆ. ಗೆಳೆಯರೊಬ್ಬರು ವಿಮಾನವನ್ನು ಬೆಲ್‌ಕ್ರ್ಯಾಂಕಿನ ಹತ್ತಿರ ಭದ್ರವಾಗಿ ಹಿಡಿಯಲಿ, ನೀವು ಹ್ಯಾಂಡಲಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ನಾನು ವಿಮಾನದ ತೂಕದ 10 ಪಟ್ಟು ಎಳೆಯುತ್ತೇನೆ. 600 ಗ್ರಾಮಿನದ್ದಾದರೆ 6 ಕಿಲೋ. ಮುರಿಯುವುದಿದ್ದರೆ ನೆಲದ ಮೇಲೇ ಮುರಿಯಲಿ.

ಇನ್ನೊಂದು ಪರೀಕ್ಷೆಯನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಚಳಿಗಾಲದ ಒಂದು ಬೆಳಿಗ್ಗೆ, ಮೂರು ತಿಂಗಳು ಕೂತು ಕಟ್ಟಿದ, ಬಾಲ್ಸಾ ಎಂಬ ಹಗುರ ಮರದ ವಿಮಾನಕ್ಕೆ ಆತುರದಲ್ಲಿ ತಂತಿ ಅದಲುಬದಲು ಸಿಕ್ಕಿಸಿದೆ. ಮೇಲಕ್ಕೆಂದು ಕೈ ಕೊಟ್ಟೆ, ಅದು ಮೂತಿ ನೆಲಕ್ಕೆ ಹೊಡೆಯಿತು. ಅಂದಿನಿಂದ ಮೇಲಿನ ತಂತಿಯ ಎರಡೂ ತುದಿಗೆ ಕೆಂಪು ಬಣ್ಣ ಹಚ್ಚಿದ್ದೇನೆ. ಪ್ರತಿ ಹಾರಾಟಕ್ಕೂ ಮುಂಚೆ ಹ್ಯಾಂಡಲ್ ಓರೆ ಮಾಡುತ್ತೇನೆ, ವಿಮಾನ ಹಿಡಿದವರು ಎಲಿವೇಟರ್ ನೋಡಿ "ಮೇಲೆ", "ಕೆಳಗೆ" ಎಂದು ಗಟ್ಟಿಯಾಗಿ ಕೂಗಬೇಕು. ಅದು ಕೇಳಿಸದೆ ನಾನು ಬಿಡಿ ಎಂದು ಕೈ ತೋರಿಸುವುದಿಲ್ಲ. ಹ್ಯಾಂಡಲಿನ ಸುರಕ್ಷತಾ ಪಟ್ಟಿ ಮಣಿಕಟ್ಟಿಗೆ ಬಿದ್ದಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಎಂಜಿನ್ ವಿಷಯ ಬೇಗ ಹೇಳುತ್ತೇನೆ. ಇಂಧನ ಹೊತ್ತಿಸುವ ಗ್ಲೋ ಪ್ಲಗ್ಗಿಗೆ 1.5 ವೋಲ್ಟ್ ಸಾಕು. ಇಂಧನ ಮೆಥನಾಲ್ ಮತ್ತು ಎಣ್ಣೆ, ಕೆಲವದರಲ್ಲಿ ಸ್ವಲ್ಪ ನೈಟ್ರೋಮೀಥೇನ್. ಮೆಥನಾಲ್ ಉರಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣದು, ಅದಕ್ಕೇ ಡಬ್ಬಿ ದೂರವಿರಲಿ. ಎಂಜಿನ್ ಹತ್ತಿಕೊಂಡ ಮೇಲೆ ಇಂಧನದ ಹರಿವು ಹೊಂದಿಸುವ ಸೂಜಿ ತಿರುಗಿಸುವುದಿದ್ದರೆ ಪ್ರೊಪೆಲ್ಲರಿನ ಹಿಂದಿನಿಂದ ಕೈ ಹಾಕಿ. ಆ ಹೊಗೆಯಲ್ಲಿ ಬರುವ ಹರಳೆಣ್ಣೆಯ ವಾಸನೆ ನನಗೆ ಇಡೀ ದಿನ ಬಟ್ಟೆಯಲ್ಲಿದ್ದರೂ ಇಷ್ಟ.

ಈಗ ಗಾಳಿ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ನಿಮ್ಮ ಎದುರಿಗಿರುವುದೇ ಸುರಕ್ಷಿತ ಬದಿ, ಅಲ್ಲಿ ಗಾಳಿಯೇ ವಿಮಾನವನ್ನು ಹೊರಕ್ಕೆ ತಳ್ಳಿ ತಂತಿ ಬಿಗಿ ಮಾಡುತ್ತದೆ. ಬೆನ್ನ ಹಿಂದಿನ ಬದಿಯಲ್ಲಿ ಅದೇ ಗಾಳಿ ನಿಮ್ಮ ಕಡೆಗೆ ತಳ್ಳುತ್ತದೆ. ಹಾಗಾಗಿ ಎದುರಿನ ಬಿಂದುವಿಗಿಂತ ಎಂಟನೇ ಒಂದು ಸುತ್ತಿನಷ್ಟು ಮುಂಚೆ ವಿಮಾನ ಇಟ್ಟು ಬಿಡಿಸಿ. ಲೂಪು, ಲಾಗ ಏನಿದ್ದರೂ ಎದುರು ಬದಿಯಲ್ಲೇ. ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತೇವೆ.

ಹೊಸಬರನ್ನು ಹೆದರಿಸುವುದು ತಲೆಸುತ್ತು. ನೆಲವನ್ನೂ ಹಿಂದೆ ಓಡುವ ಮರಗಳನ್ನೂ ನೋಡಬೇಡಿ, ವಿಮಾನದ ಮೇಲೇ ಕಣ್ಣು ನೆಡಿ. ಮೊಣಕೈ ನೀಡಿ, ತೋಳನ್ನು ಭುಜದಿಂದ ಏರಿಸಿ ಇಳಿಸಿ; ಮಣಿಕಟ್ಟು ಕುಣಿಸಿದರೆ ವಿಮಾನವೂ ಕುಣಿಯುತ್ತದೆ. ಹೊಸಬರಿಗೆ ನಾನು ಬೆನ್ನ ಹಿಂದೆ ನಿಂತು ಅವರ ಕೈ ಮೇಲೆ ಕೈಯಿಟ್ಟು ಹತ್ತು ಸುತ್ತು ಹಾಕಿಸುತ್ತೇನೆ. ಕೈ ತೆಗೆದದ್ದು ಅವರಿಗೆ ಗೊತ್ತಾಗದ ಸುತ್ತು ಒಂದು ಬರುತ್ತದೆ. ಈ ಹವ್ಯಾಸದಲ್ಲಿ ನನಗೆ ಅದಕ್ಕಿಂತ ದೊಡ್ಡ ಖುಷಿ ಇಲ್ಲ. ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ ಅಮೆರಿಕದ ಜಿಮ್ ವಾಕರ್ ಮೂರು ವಿಮಾನಗಳನ್ನು ಒಟ್ಟಿಗೆ ಹಾರಿಸಿ ತೋರಿಸುತ್ತಿದ್ದರು. ನಮಗೆ ಒಂದನ್ನು ಮಟ್ಟವಾಗಿ ಹಾರಿಸಿದರೆ ಮೊದಲ ದಿನಕ್ಕೆ ಸಾಕು.

ತಂತಿ ಸಡಿಲವಾದಂತೆ ಅನಿಸಿದರೆ ಯೋಚಿಸುತ್ತ ನಿಲ್ಲಬೇಡಿ, ಹಿಂದಕ್ಕೆ ಓಡಿ. ನಾಲ್ಕು ಹೆಜ್ಜೆಯಲ್ಲಿ ಎಷ್ಟೋ ವಿಮಾನ ಉಳಿದಿವೆ. ಒಂದೇ ಬಗೆಯ ಲೂಪು ಹಾಕುತ್ತ ಹೋದರೆ ತಂತಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಆದ್ದರಿಂದ ಉಲ್ಟಾ ಲೂಪನ್ನೂ ಕಲಿತು ಬಿಚ್ಚಿಕೊಳ್ಳಬೇಕು.

ಇಂಧನ ಮುಗಿದಾಗ ಸದ್ದು ಥಟ್ಟನೆ ನಿಲ್ಲುತ್ತದೆ. ಆಗ ಮೇಲೆತ್ತುವ ಆಸೆ ಬೇಡ. ಇಳಿಯಲು ಬಿಡಿ, ಹಿಂದೆ ಸರಿಯುತ್ತ ತಂತಿ ಬಿಗಿ ಕಾಪಾಡಿ, ಚಕ್ರ ಇನ್ನೇನು ನೆಲ ಮುಟ್ಟುತ್ತದೆ ಎನ್ನುವಾಗ ತುಸು ಮೇಲಕ್ಕೆ.

ಸಂಜೆ ಎಣ್ಣೆ ಒರೆಸಿ, ಟ್ಯಾಂಕಿನಲ್ಲಿ ಉಳಿದದ್ದನ್ನು ಬಸಿದು, ಎಂಜಿನ್ನಿಗೆ ಎರಡು ಹನಿ ಎಣ್ಣೆ ಬಿಡಿ. ತಂತಿ ಸುತ್ತುವಾಗ ಒಬ್ಬರು ತುದಿ ಹಿಡಿದು ಹದವಾಗಿ ಬಿಗಿ ಕೊಡುತ್ತ ನಡೆದು ಬರಲಿ, ಇನ್ನೊಬ್ಬರು ರೀಲು ತಿರುಗಿಸಲಿ. ಹುಲ್ಲಿನ ಮೇಲೆ ಬಿದ್ದ ತಂತಿಯನ್ನು ಯಾರೂ ತುಳಿಯದಂತೆ ಮೂರನೆಯವರು ನೋಡಿಕೊಳ್ಳಲಿ.