ಕಕ್ಕಡದ ಮಳೆ, ಪಂದಿಕರಿಯ ಜಿಡ್ಡು ಮತ್ತು ಡಿಶ್‌ವಾಷರ್

ಕೊಡಗಿನ ನಮ್ಮ ಮನೆಗೆ ಡಿಶ್‌ವಾಷರ್ ಬಂದು ಏಳು ವರ್ಷಗಳಾದವು. ಕಾಫಿ ಕೊಯ್ಲಿಗೇ ಆಳುಗಳು ಸಿಗದಿರುವಾಗ ಪಾತ್ರೆ ತೊಳೆಯಲು ಯಾರನ್ನು ಹುಡುಕುವುದೆಂದು ಮಗ, ಸೊಸೆ ಸೇರಿ ಅದನ್ನು ತರಿಸಿಕೊಟ್ಟರು. ಅರವತ್ತು ದಾಟಿದ ನನಗೆ ಅದರ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಮೊದಲ ಮಳೆಗಾಲದಲ್ಲೇ ಅದು ತಳದಲ್ಲಿ ಕೊಳಕು ನೀರನ್ನು ಉಳಿಸಿಕೊಂಡು ನಿಂತುಬಿಟ್ಟಿತು. ಮೈಸೂರಿನಿಂದ ಮೆಕ್ಯಾನಿಕ್ ಬರಲು ಒಂಬತ್ತು ದಿನ ಹಿಡಿಯಿತು. ಬಂದವನು ಕೆಳಗಿನ ಬುಟ್ಟಿಯನ್ನು ಹೊರಗೆಳೆದು, ತಳದಲ್ಲಿದ್ದ ಫಿಲ್ಟರನ್ನು ತಿರುಗಿಸಿ ಮೇಲೆತ್ತಿ, ಅದರೊಳಗಿಂದ ಮೇಣದ ಹಾಗೆ ಹೆಪ್ಪುಗಟ್ಟಿದ್ದ ಹಂದಿಯ ಕೊಬ್ಬು, ಅಕ್ಕಿತರಿಯ ಉಂಡೆ ಕಡಂಬುಟ್ಟಿನ ತರಿ ಮತ್ತು ಉಗುರಿನಷ್ಟು ಮೂಳೆಯ ಚೂರನ್ನು ಒಂದು ಹಳೆಯ ಪತ್ರಿಕೆಯ ಮೇಲೆ ಕೆಡವಿ ತೋರಿಸಿದ. ಐದು ನಿಮಿಷದ ಆ ಕೆಲಸಕ್ಕೆ ನಾವು ಕೊಟ್ಟ ಹಣವನ್ನು ಇಲ್ಲಿ ಬರೆಯಲು ನನಗೆ ಈಗಲೂ ಮನಸ್ಸಿಲ್ಲ. ಅಂದಿನಿಂದ ಯಂತ್ರದ ಬಾಗಿಲು ತೆಗೆದು ನೋಡುವುದನ್ನು ನಾನೇ ಕಲಿತೆ. ಯಂತ್ರದ ಜೊತೆ ಬರುವ ಕೈಪಿಡಿಯಲ್ಲಿ ಇರುವುದೆಲ್ಲ ನಿಜವೇ. ಆದರೆ ಅದನ್ನು ಬರೆದವರಿಗೆ ನಮ್ಮ ಚಳಿ, ನಮ್ಮ ಕೆಸರು ನೀರು, ನಮ್ಮ ಅಡುಗೆ ಯಾವುದೂ ಗೊತ್ತಿರಲಿಲ್ಲ.

ಫಿಲ್ಟರಿನ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನಾನು ಕಂಡ ತೊಂದರೆಗಳಲ್ಲಿ ಬಹುಪಾಲು ಹುಟ್ಟಿದ್ದು ಅಲ್ಲಿಯೇ. ಜುಲೈ ನಡುವೆ ಶುರುವಾಗುವ ಕಕ್ಕಡ ತಿಂಗಳ ಬೆಳಗಿನಲ್ಲಿ ನಮ್ಮ ಟ್ಯಾಂಕಿನ ನೀರು ಕೈಯಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಹಂದಿಯ ಕೊಬ್ಬು ಬಿಸಿನೀರಿನಲ್ಲಿ ಕರಗಿ ಪಾತ್ರೆಯಿಂದ ಬಿಡುತ್ತದೆ ನಿಜ, ಆದರೆ ಆ ನೀರು ಆರಿದ ಕೂಡಲೇ ಫಿಲ್ಟರಿನ ಜಾಲರಿಯಲ್ಲಿ, ಪಂಪಿನ ಬಾಯಲ್ಲಿ, ಹೊರಹೋಗುವ ಪೈಪಿನ ಸುಕ್ಕುಗಳಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ, ಅದರ ಮೇಲೆ ಅಕ್ಕಿಯ ಗಂಜಿ ಅಂಟಿಕೊಂಡರೆ ಗಾರೆ ಮೆತ್ತಿದ ಹಾಗೆಯೇ ಸರಿ. ಆದ್ದರಿಂದ ಹಂದಿಮಾಂಸದ ಪಂದಿಕರಿ ಮಾಡಿದ ಪಾತ್ರೆಯನ್ನು ಯಂತ್ರಕ್ಕೆ ಇಡುವ ಮೊದಲು ಬಾಳೆಲೆಯ ಚೂರಿನಿಂದಲೋ ಹಳೆಯ ಕಾಗದದಿಂದಲೋ ಜಿಡ್ಡನ್ನು ಒರೆಸಿಬಿಡಬೇಕು. ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಅಗತ್ಯವಿಲ್ಲ. ಹಾಗೆ ತೊಳೆಯುವುದಾದರೆ ಯಂತ್ರವಾದರೂ ಏಕೆ? ಆ ದಿನ ನೀರು ಉಳಿಸುವ ಇಕೋ ಪ್ರೋಗ್ರಾಂ ಬೇಡ, ಅದು ಸಾಮಾನ್ಯವಾಗಿ 50 ಡಿಗ್ರಿಯ ಆಸುಪಾಸಿನಲ್ಲಿ ತೊಳೆಯುತ್ತದೆ. 65ರಿಂದ 70 ಡಿಗ್ರಿಗೆ ಏರುವ ಇಂಟೆನ್ಸಿವ್ ಪ್ರೋಗ್ರಾಂ ಹಾಕಿದರೆ ಪಾತ್ರೆಯ ಜೊತೆಗೆ ಪೈಪಿನ ಜಿಡ್ಡೂ ಅಷ್ಟಿಷ್ಟು ಸಡಿಲವಾಗುತ್ತದೆ.

ಫಿಲ್ಟರನ್ನು ವಾರಕ್ಕೊಮ್ಮೆ, ನೆಂಟರು ಬಂದ ವಾರದಲ್ಲಿ ಎರಡು ಸಲ, ತೆಗೆದು ಬಿಸಿನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಸಣ್ಣ ಜಾಲರಿ ಹರಿಯುತ್ತದೆ. ಮರಳಿ ಕೂರಿಸುವಾಗ ಅದು ಸರಿಯಾಗಿ ಬಿಗಿಯುವವರೆಗೂ ತಿರುಗಿಸಿ, ಎಳೆದು ನೋಡಿ. ಸಡಿಲವಾಗಿ ಕೂತ ಫಿಲ್ಟರಿನ ಪಕ್ಕದಿಂದಲೇ ನಿಂಬೆಯ ಬೀಜ, ಮೂಳೆಯ ಚೂರು ಪಂಪಿಗೆ ಇಳಿಯುತ್ತವೆ. ಫಿಲ್ಟರ್ ಶುಚಿಯಾಗಿದ್ದೂ ನೀರು ಹೋಗದಿದ್ದರೆ ಪ್ಲಗ್ ಕಿತ್ತು, ತಳದ ನೀರನ್ನು ಸ್ಪಂಜಿನಿಂದ ಹೀರಿ ತೆಗೆದು, ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಹಲವು ಯಂತ್ರಗಳಲ್ಲಿ ಪಂಪಿನ ಮೇಲೆ ಕಳಚಬಹುದಾದ ಸಣ್ಣ ಮುಚ್ಚಳ ಇರುತ್ತದೆ. ಅಲ್ಲಿಗೆ ಬರಿಗೈ ಹಾಕಬೇಡಿ, ಒಡೆದ ಗಾಜಿನ ಚೂರು ಇದ್ದರೂ ಇದ್ದೀತು. ಅಲ್ಲೂ ಏನೂ ಇಲ್ಲದಿದ್ದರೆ ಹಿಂದಿನ ಪೈಪು ಗೋಡೆಗೆ ಒತ್ತಿ ಮಡಚಿಕೊಂಡಿರಬೇಕು.

ನೀರು ಹೊರಗೆ ಹೋಗದಿರುವುದು ಒಂದು ಬಗೆಯಾದರೆ, ನೀರು ಒಳಗೇ ಬಾರದಿರುವುದು ಇನ್ನೊಂದು. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಟ್ಯಾಂಕು ಬಹಳ ಎತ್ತರದಲ್ಲಿ ಇರುವುದಿಲ್ಲ. ಅನೇಕ ಯಂತ್ರಗಳು ಕನಿಷ್ಠ 0.3 ಬಾರ್ ಒತ್ತಡವನ್ನು ಕೇಳುತ್ತವೆ. ಅಂದರೆ ಟ್ಯಾಂಕಿನ ನೀರಿನ ಮಟ್ಟ ಯಂತ್ರದ ನಲ್ಲಿಗಿಂತ ಸುಮಾರು 3 ಮೀಟರ್ ಮೇಲಿರಬೇಕು. ಇದನ್ನು ಯಂತ್ರ ಕೊಳ್ಳುವ ಮೊದಲೇ ಅಳೆದು ನೋಡುವುದು ಒಳ್ಳೆಯದು, ಇಲ್ಲವಾದರೆ ಆಮೇಲೆ ಪ್ರೆಷರ್ ಪಂಪಿಗೆ ಬೇರೆ ಹಣ ಸುರಿಯಬೇಕಾಗುತ್ತದೆ. ಎತ್ತರ ಸರಿಯಿದ್ದೂ ಮಳೆಗಾಲದಲ್ಲಿ ಯಂತ್ರ ನೀರಿಗಾಗಿ ಕಾದು ನಿಲ್ಲುತ್ತಿದ್ದರೆ, ನಲ್ಲಿ ಮುಚ್ಚಿ, ನೀರು ಒಳಬರುವ ಪೈಪನ್ನು ತಿರುಚಿ ಬಿಚ್ಚಿ, ಅದರ ಬಾಯಲ್ಲಿರುವ ಬೆರಳಗಲದ ಜಾಲರಿಯನ್ನು ನೋಡಿ. ತೆರೆದ ಬಾವಿಯಿಂದಲೋ ಗುಡ್ಡದ ಒರತೆಯಿಂದಲೋ ಬರುವ ನೀರಾದರೆ ಅಲ್ಲಿ ಕೆಮ್ಮಣ್ಣು ಲೇಪ ಹಚ್ಚಿದಂತೆ ಕೂತಿರುತ್ತದೆ. ಮಳೆ ಹಿಡಿದ ಮೇಲೆ ನಾನು ತಿಂಗಳಿಗೊಮ್ಮೆ ಅದನ್ನು ತೊಳೆಯುತ್ತೇನೆ.

ಉಪ್ಪಿನ ವಿಷಯದಲ್ಲಿ ಅಂಗಡಿಯವರ ಮಾತನ್ನು ಹಾಗೆಯೇ ನಂಬಬೇಡಿ. ಯಂತ್ರಕ್ಕೆ ಉಪ್ಪು ಹಾಕುವುದು ಪಾತ್ರೆ ತೊಳೆಯುವುದಕ್ಕಲ್ಲ, ಗಡಸು ನೀರನ್ನು ಮೆದುಗೊಳಿಸುವ ಭಾಗಕ್ಕೆ ಮತ್ತೆ ಕಸುವು ತುಂಬಲು. ನಮ್ಮ ಬಾವಿಯ ನೀರಿನಲ್ಲಿ ಸೋಪು ಮುಟ್ಟಿದರೆ ನೊರೆ ಬರುತ್ತದೆ, ಅಷ್ಟು ಮೆದು. ಅಂಥಲ್ಲಿ ಗಡಸುತನದ ಸೆಟ್ಟಿಂಗನ್ನು ಅತಿ ಕಡಿಮೆಗೆ ಇಳಿಸಬೇಕು. ಬೋರ್‌ವೆಲ್ ನೀರಾದರೆ ಮಾತು ಬೇರೆ. ಪರೀಕ್ಷಾ ಪಟ್ಟಿಯಿಂದ ನೋಡಿಯೇ ತೀರ್ಮಾನಿಸಿ. ಉಪ್ಪು ಬೇಕೆಂದಾದರೆ ಡಿಶ್‌ವಾಷರಿನ ಹರಳುಪ್ಪನ್ನೇ ಹಾಕಿ, ಅಡುಗೆಯ ಪುಡಿಯುಪ್ಪು ಬೇಡ. ಹಾಕಿದ ಕೂಡಲೇ ಮುಚ್ಚಳ ಬಿಗಿದು ಒಂದು ಸಲ ಓಡಿಸಿಬಿಡಬೇಕು, ಚೆಲ್ಲಿದ ಉಪ್ಪುನೀರು ಸ್ಟೀಲಿಗೂ ತುಕ್ಕು ತರುತ್ತದೆ. ಮೆದು ನೀರಿಗೆ ಡಿಟರ್ಜೆಂಟ್ ಹೆಚ್ಚು ಸುರಿದರೂ ಕೇಡೇ. ನನ್ನ ಆರು ಗಾಜಿನ ಲೋಟಗಳು ಹಾಗೆಯೇ ಹಾಲಿನಂತೆ ಮಸುಕಾದವು. ಇಂಥ ಮಸುಕನ್ನು ನಿಂಬೆಹೋಳಿನಿಂದ ಉಜ್ಜಿ ನೋಡಿ: ಹೋದರೆ ಅದು ಸುಣ್ಣದ ಪದರ, ಹೋಗದಿದ್ದರೆ ಗಾಜೇ ಸವೆದಿದೆ ಎಂದು ತಿಳಿದು ಸುಮ್ಮನಾಗಬೇಕು.

ಮೇಲಿನ ಬುಟ್ಟಿಯ ಪಾತ್ರೆ ಮಾತ್ರ ಕೊಳೆಯಾಗಿ ಉಳಿಯುತ್ತಿದ್ದರೆ ನೀರು ಚಿಮ್ಮುವ ತೋಳನ್ನು ಕಳಚಿ ಬೆಳಕಿಗೆ ಹಿಡಿಯಿರಿ. ಒಮ್ಮೆ ನಮ್ಮ ಯಂತ್ರದ ತೋಳಿನ ಮೂರು ತೂತುಗಳಲ್ಲಿ ನಮ್ಮದೇ ತೋಟದ ಒಳ್ಳೆಮೆಣಸಿನ ಚೂರುಗಳು, ಅಳೆದು ತಂದು ಕೂರಿಸಿದ ಹಾಗೆ ಕೂತಿದ್ದವು. ಕಡ್ಡಿಯಿಂದ ಹೊರತೆಗೆದು, ತೋಳನ್ನು ನೀರಿನಲ್ಲಿ ಅಲುಗಾಡಿಸಿ, ಒಳಗೆ ಇನ್ನೇನೂ ಗಲಗಲ ಎನ್ನುವುದಿಲ್ಲವೆಂದು ಖಚಿತಪಡಿಸಿಕೊಂಡೆ. ಪಾತ್ರೆ ತುಂಬಿದ ಮೇಲೆ ತೋಳನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಉದ್ದ ಹಿಡಿಯ ಸೌಟೊಂದು ತಡೆದರೂ ತೊಳೆದದ್ದು ವ್ಯರ್ಥ.

ಒಂದು ಹುತ್ತರಿಯ (ನಮ್ಮ ಸುಗ್ಗಿ ಹಬ್ಬದ) ರಾತ್ರಿ, ಯಂತ್ರಕ್ಕೆ ಹಾಕುವ ಡಿಟರ್ಜೆಂಟ್ ಮಾತ್ರೆ ಮುಗಿದಿದೆಯೆಂದು ಮನೆಗೆ ಬಂದಿದ್ದ ಹುಡುಗಿಯೊಬ್ಬಳು ಕೈಯಲ್ಲಿ ಪಾತ್ರೆ ಉಜ್ಜುವ ದ್ರವವನ್ನೇ ಸುರಿದುಬಿಟ್ಟಳು. ನೊರೆ ಬಾಗಿಲಿನ ಸಂದಿಯಿಂದ ಹರಿದು ಅಡುಗೆಮನೆಯ ನೆಲವನ್ನೆಲ್ಲ ತುಂಬಿತು. ಹೀಗಾದರೆ ಯಂತ್ರ ನಿಲ್ಲಿಸಿ, ನೊರೆಯನ್ನು ಬಾಚಿ ತೆಗೆದು, ಉಳಿದದ್ದರ ಮೇಲೆ ಒಂದು ಹಿಡಿ ಉಪ್ಪು ಎರಚಿ, ಅದು ಇಳಿದ ಮೇಲೆ ನೀರನ್ನು ಹೊರಹಾಕಿಸಬೇಕು. ತಳದ ತಟ್ಟೆಗೆ ನೀರು ಇಳಿದಿದ್ದರೆ ಸೋರಿಕೆ ತಡೆಯುವ ಸ್ವಿಚ್ಚು ಯಂತ್ರವನ್ನು ಓಡಲು ಬಿಡುವುದಿಲ್ಲ, ಆಗ ಮೆಕ್ಯಾನಿಕ್ಕನ್ನೇ ಕರೆಯಬೇಕು. ಹುಡುಗಿಯನ್ನು ನಾನು ಬಯ್ಯಲಿಲ್ಲ. ಮಾತ್ರೆಯ ಡಬ್ಬಿಯನ್ನು ಎಲ್ಲಿಟ್ಟಿದ್ದೇನೆಂದು ಹೇಳದಿದ್ದ ತಪ್ಪು ನನ್ನದೇ. ಆ ಮಾತ್ರೆಗಳನ್ನು ಕಾಗದದ ಪೆಟ್ಟಿಗೆಯಲ್ಲೇ ಬಿಟ್ಟರೆ ಕಕ್ಕಡದ ಥಂಡಿಗೆ ಬೆವರಿ ಮೆತ್ತಗಾಗುತ್ತವೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಆ ಥಂಡಿಯೇ ಬಾಗಿಲಿನ ರಬ್ಬರಿಗೂ ಶತ್ರು. ತೊಳೆದ ಬಳಿಕ ಬಾಗಿಲನ್ನು ಎರಡು ಬೆರಳಗಲ ತೆರೆದಿಡಿ, ರಬ್ಬರಿನ ಮಡಿಕೆಯನ್ನು ಒಣ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಮೂರೇ ದಿನದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ವಾಸನೆ ಬಂದರೆ ಸಿಟ್ರಿಕ್ ಆಮ್ಲದ ಪುಡಿಯನ್ನು ಹಾಕಿ ಪಾತ್ರೆಗಳಿಲ್ಲದೆ ಬಿಸಿನೀರಿನಲ್ಲಿ ಒಂದು ಸಲ ಓಡಿಸಿದರೆ ಸಾಕು. ಹುಳಿಯೆಲ್ಲ ಒಂದೇ ಎಂದು ಅಡುಗೆಯ ಕಪ್ಪು ಹುಳಿಯಾದ ಕಾಚಂಪುಳಿ ಸುರಿಯಲು ಹೊರಟವರನ್ನು ನಾನು ಬಲ್ಲೆ, ಆ ಬೆಲೆಯ ಪದಾರ್ಥ ಪಂದಿಕರಿಗೇ ಇರಲಿ.

ಹಿತ್ತಾಳೆ, ಕಂಚು, ಬೆಳ್ಳಿ ಮತ್ತು ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಮರದ ಒರಳನ್ನು ಯಂತ್ರಕ್ಕೆ ಹಾಕಲೇಬಾರದು. ಅಲ್ಯೂಮಿನಿಯಂ ಒಂದೇ ತೊಳೆತಕ್ಕೆ ಕಪ್ಪಿಡುತ್ತದೆ.

ಯಂತ್ರಕ್ಕೆ 16 ಆಂಪಿಯರಿನ ಪ್ಲಗ್ಗು, ಸರಿಯಾದ ಅರ್ತಿಂಗ್ ಇರಲೇಬೇಕು. ನೀರು ಕಾಯಿಸುವಾಗ ಅದು 2,000 ವಾಟ್‌ನಷ್ಟು ಎಳೆಯುವುದರಿಂದ ಮನೆಯ ಸಣ್ಣ ಇನ್ವರ್ಟರಿಗೆ ಅದು ಹೊರಲಾಗದ ಹೊರೆ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ.

ಕೊನೆಯದಾಗಿ ಹೊರಗಿನ ಕೆಲಸ. ಅಡುಗೆಮನೆಯ ನೀರನ್ನು ಬಾಳೆಯ ಬುಡಕ್ಕೆ ಬಿಡುವುದು ನಮ್ಮಲ್ಲಿ ರೂಢಿ, ಆದರೆ ಕ್ಷಾರ ಮತ್ತು ಉಪ್ಪು ಬೆರೆತ ಈ ನೀರನ್ನು ಗಿಡಕ್ಕೆ ಬಿಡದೆ ಇಂಗುಗುಂಡಿಗೆ ಹರಿಸಿ. ಮಳೆ ಜೋರಾದಾಗ ಇಲಿಗಳು ಯಂತ್ರದ ಹಿಂದಿನ ಬೆಚ್ಚಗಿನ ಜಾಗಕ್ಕೆ ಸೇರಿ ಪೈಪು ಕಡಿಯುತ್ತವೆ. ಹಾಗಾಗಿ ಗೋಡೆಯ ತೂತಿಗೆ ಜಾಲರಿ ಹೊಡೆಸಿ, ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಮಂಡಿಯೂರಿ ಅಲ್ಲಿ ಇಣುಕಿ ನೋಡಿ. ಎರಡು ದಿನ ಊರಿಗೆ ಹೋಗುವುದಿದ್ದರೂ ಯಂತ್ರದ ನಲ್ಲಿಯನ್ನು ಮುಚ್ಚಿಯೇ ಹೊರಡಿ.